‘ಫಸ್‌ಪಾಟ್’ಗೆ ಒಂದು ಉದಾಹರಣೆ

ಮಕ್ಕಳ ವಾರ್ಡು
ಭಾನುವಾರ, ಬೆಳಿಗ್ಗೆ

ಅಕ್ಕಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಬೇರೆ ಹಾಳೆ ಹುಡುಕುವ ತಾಳ್ಮೆಯಿಲ್ಲ. ಮಗಳಿಗೆ ಈಗಷ್ಟೇ ನಿದ್ದೆ ಹತ್ತಿದೆ, ನನಗೆ ಇನ್ನೂ ಇಲ್ಲ.

ನಿನ್ನ ಇಂಗ್ಲಿಷ್-ಕನ್ನಡ ನಿಘಂಟಿನ ಕರಡಚ್ಚಿನ ಹಾಳೆಯನ್ನು ನಮ್ಮ ಊಟದ ಮೇಜಿನ ಮೇಲೆ ಬಿಟ್ಟುಹೋಗಿದ್ದೆಯಲ್ಲ, ಇವರು ಅದನ್ನು ಗಟ್ಟಿಯಾಗಿ ಓದಿ ನಕ್ಕಿದ್ದೇ ನಕ್ಕಿದ್ದು. ‘ಫಸ್‌ಪಾಟ್: ಆಡುಮಾತು. ಸಣ್ಣಪುಟ್ಟದಕ್ಕೆಲ್ಲ ಗಾಬರಿಬಿದ್ದು ಎಲ್ಲರ ತಲೆ ತಿನ್ನುವವರು. ಉದಾ: ಮಗು ಸೀನಿದರೂ ಡಾಕ್ಟರಿಗೆ ಫೋನ್ ಮಾಡುವ ನನ್ನ ತಂಗಿ ಶುದ್ಧ ಫಸ್‌ಪಾಟ್.’ ಅಂದಿನಿಂದ ಮನೆಯಲ್ಲಿ ನನಗೆ ಅದೇ ಹೆಸರು. ಹಾಲಿನ ಬಿಸಿ ನೋಡಿದರೂ ಫಸ್‌ಪಾಟ್, ಕಿಟಕಿ ಹಾಕಿದರೂ ಫಸ್‌ಪಾಟ್.

ನಾನು ಸಿಟ್ಟಾದರೆ ನೀನು ಪಾಠ ಮಾಡಿದೆ. ಬೈಗುಳ ಅಲ್ಲ ಕಣೇ ಅದು, ಮುದ್ದಿನ ಮಾತು, ಕಾದಂಬರಿಗಳಲ್ಲೆಲ್ಲ ಬರುತ್ತೆ ಎಂದೆ. ಬರುತ್ತದೆ, ನಾನೂ ನಾಲ್ಕು ಅಕ್ಷರ ಓದಿದವಳೇ. ಅಲ್ಲಿ ಯಾರೋ ಚಿಕ್ಕಮ್ಮ ಮಫ್ಲರ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಉಳಿದವರು ನಗುತ್ತ ಹೊರಟುಬಿಡುತ್ತಾರೆ, ಕಥೆಯೂ ಅವರ ಬೆನ್ನು ಹತ್ತುತ್ತದೆ. ಆಮೇಲೆ ಜ್ವರ ಬಂದು ಯಾರು ಮಲಗಿದರು ಎಂದು ಯಾವ ಪುಣ್ಯಾತ್ಮನೂ ಬರೆಯುವುದಿಲ್ಲ.

ಶುಕ್ರವಾರ ಮಗಳನ್ನು ನಿನ್ನ ಹತ್ತಿರ ಬಿಟ್ಟುಹೋಗಿದ್ದವಳು ಆಫೀಸಿನಿಂದ ಫೋನ್ ಮಾಡಿ, ಬೆಳಿಗ್ಗೆ ಉಸಿರು ಗೊರಗೊರ ಅಂತಿತ್ತು, ಅಂಗಿ ಎತ್ತಿ ಎದೆ ಒಳಕ್ಕೆ ಎಳೀತಿದೆಯಾ ನೋಡೇ ಎಂದು ಬೇಡಿಕೊಂಡೆ. ಅಯ್ಯೋ ಫಸ್‌ಪಾಟೇ, ಆರಾಮಾಗಿ ಮಲಗಿದಾಳೆ, ಫೋನಿಡು ಎಂದೆ ನೀನು. ನೀನು ಅಂಗಿ ಎತ್ತಲಿಲ್ಲ. ಪೆನ್ನು ಕೆಳಗಿಟ್ಟರೆ ತಾನೇ ಎತ್ತುವುದು! ಮನಸ್ಸು ತಡೆಯದೆ ನಾನು ಓಡಿಬಂದಾಗ ಅವಳ ತುಟಿ ನೀಲಿಗಟ್ಟಿತ್ತು. ಮೂಗಿಗೆ ನಳಿಕೆ ಹಾಕುತ್ತ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ರೆ ನಮ್ಮ ಕೈಲೂ ಆಗ್ತಿರಲಿಲ್ಲಮ್ಮ ಎಂದರು.

ಇನ್ನು ಮಗಳನ್ನು ನಿನ್ನ ಕೈಗೆ ಕೊಡುವುದಿಲ್ಲ. ನನ್ನ ಕೆಲಸ ಹೋದರೆ ಹೋಗಲಿ. ಆಟಿಕೆ ಹಿಡಿದು ಬಂದು ನಿಂತರೂ ಬಾಗಿಲು ತೆಗೆಯುವವಳಲ್ಲ. ಆ ಉದಾಹರಣೆಯನ್ನು ಮಾತ್ರ ತೆಗೆಯಬೇಡ, ಹಾಗೇ ಅಚ್ಚು ಹಾಕಿಸು. ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸು: ‘ಆದ್ದರಿಂದ ಮಗು ಬದುಕಿತು.’

ಇಂತಿ,
ನಿನ್ನ ಉದಾಹರಣೆ ವಾಕ್ಯ

ತಾ.ಕ.: ಅಮ್ಮ ಬಂದು ಪಕ್ಕದಲ್ಲಿ ಕೂತಿದ್ದಾಳೆ. ಕೂಸಾಗಿದ್ದಾಗ ನಿನಗೂ ಹೀಗೇ ಆಗಿತ್ತಂತೆ. ಮೊದಲು ನೋಡಿದ ಡಾಕ್ಟರು, ಏನೂ ಆಗಿಲ್ಲ, ಸುಮ್ನೆ ಗಾಬರಿ ನಿಮಗೆ ಎಂದು ನಕ್ಕು ಕಳಿಸಿದರಂತೆ. ಅವಳು ಮನೆಗೆ ಹೋಗದೆ ನಿನ್ನನ್ನು ಎದೆಗವಚಿಕೊಂಡು ಇನ್ನೊಂದು ಆಸ್ಪತ್ರೆಗೆ ಓಡಿದಳಂತೆ. ಅವಳನ್ನು ಯಾವ ಅಕ್ಷರದ ಕೆಳಗೆ ಹಾಕುತ್ತೀ, ಅಕ್ಕಾ?