ಎಂಜಿನ್‌ಗಳ ಮೇಲಿನ ಕೈಬರಹ

ಮಾರ್ಚ್ ೯, ಭಾನುವಾರ

ಅಣ್ಣನಿಗೆ,

ಮೊದಲು 'ಪ್ರೀತಿಯ' ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ಹೊಸ ಹಾಳೆ ತೆಗೆಯುವ ಉತ್ಸಾಹವಿಲ್ಲ, ಹಾಗೇ ಓದಿಕೋ.

ನಿನ್ನ ಕಾಗದ ಗುರುವಾರ ಬಂತು. ಎರಡು ಪುಟ ನಿನ್ನ ಮಂಡಿನೋವು, ಅರ್ಧ ಪುಟ ಅತ್ತಿಗೆಯ ಕೆಮ್ಮು, ವಿಷಯ ಮಾತ್ರ ಕೊನೆಯ ನಾಲ್ಕು ಸಾಲಿನಲ್ಲಿ. ಮ್ಯೂಸಿಯಂನವರು ಮುಂದಿನ ತಿಂಗಳು ನಿನ್ನನ್ನು ಜನರ ಎದುರು ಕೂರಿಸಿ, ಒಂದು ಪುಟ್ಟ ಮಾದರಿ ರೈಲು ಎಂಜಿನ್ ಮೇಲೆ ನಂಬರು ಬರೆದು ತೋರಿಸಿ ಎನ್ನುತ್ತಿದ್ದಾರಂತೆ. ನಾಲ್ಕು ದಿನ ಬಂದಿದ್ದು ಹೇಳಿಕೊಟ್ಟು ಹೋಗು ಎಂದಿದ್ದೀಯ, ಪಕ್ಕದ ಮನೆಯವರ ಹತ್ತಿರ ಏಣಿ ಕೇಳುವ ಹಾಗೆ.

ಗಡಿಯಾರದ ಕಾರ್ಖಾನೆಯಲ್ಲಿ ಡಯಲ್ ಮೇಲೆ ಅಂಕಿ ಬರೆಯುವ ಕೆಲಸಕ್ಕೆ ಸೇರಿದಾಗ ನನಗೆ ಹತ್ತೊಂಬತ್ತು. ಆರು ತಿಂಗಳು ಬರೀ 'ಏಳು' ಬರೆಸಿದರು. "ಉಸಿರು ಬಿಟ್ಟಮೇಲೆ ಬ್ರಷ್ ಇಡು, ಮತ್ತೆ ಉಸಿರು ತಗೊಳ್ಳೋದ್ರೊಳಗೆ ಎತ್ತು" ಎನ್ನುತ್ತಿದ್ದರು ನಮಗೆ ಕಲಿಸಿದ ಹಿರಿಯಾಕೆ. ಅದನ್ನು ನಾಲ್ಕು ದಿನದಲ್ಲಿ ನಿನಗೆ ಅರೆದು ಕುಡಿಸಲೇ?

ನಿನ್ನ ಮೊದಲನೆಯ ಎಂಜಿನ್ ಅಂಚೆಯಲ್ಲಿ ಬಂದ ದಿನ ನೆನಪಿದೆಯೇ? ಅಂಗೈಗಿಂತ ತುಸು ಉದ್ದದ ಅಮೆರಿಕದ ಡೀಸೆಲ್, ಮೈಮೇಲೆ ಅಲ್ಲಿನದೇ ರೈಲು ಕಂಪನಿಯ ಹೆಸರು. ನೀನು ಮುಖ ಸಪ್ಪೆ ಮಾಡಿಕೊಂಡು ಕೂತೆ. "ಇದು ನಮ್ದಲ್ಲ ಕಣೇ. ನಮ್ಮ ಬಂದರಿಗೆ ಬಂದಿದ್ದರ ನಂಬರೇ ಬೇರೆ" ಎಂದೆ. ನಾವು ಚಿಕ್ಕವರಿದ್ದಾಗ ಅಂಥ ನಿಜವಾದ ಎಂಜಿನ್‌ಗಳನ್ನು ಹಡಗಿನಿಂದ ಒಂದೊಂದಾಗಿ ಎತ್ತಿ ಹಳಿಯ ಮೇಲೆ ಇಳಿಸಿದ್ದು ಅಪ್ಪನ ಕ್ರೇನು. ಗೋದಾಮಿನ ಮೆಟ್ಟಿಲ ಮೇಲೆ ಕೂತು ಆ ನಂಬರುಗಳನ್ನು ಬಾಯಿಪಾಠ ಮಾಡಿದ್ದು ನಾವಿಬ್ಬರೂ. ಹಾಗಾಗಿ ನಾನೇ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಆ ಕಂಪನಿಯ ಹೆಸರನ್ನು ಒರೆಸಿ, ಮೂರು ಕೂದಲಿನ ಬ್ರಷ್ ಹಿಡಿದು ನಮ್ಮ ನಂಬರು ಬರೆದೆ. ಅರ್ಧ ಎಳ್ಳಿನಷ್ಟು ಅಂಕಿ. ನೀನು ಭೂತಗನ್ನಡಿಯಲ್ಲಿ ನೋಡಿದವನೇ ಅತ್ತುಬಿಟ್ಟೆ. ಆ ಅಳುವಿಗೇ ನಾನು ಸೋತದ್ದು.

ಆಮೇಲೆ ಇಪ್ಪತ್ತೆರಡು ವರ್ಷ, ವಾರ ತಪ್ಪದೆ ಭಾನುವಾರ. ಅಮೆರಿಕದವು, ಜರ್ಮನಿ ಜಪಾನಿನಿಂದ ತರಿಸಿದವು, ಎಲ್ಲ ಸೇರಿ ನೂರ ಹದಿನಾಲ್ಕು. ನೀನು ಹಳೆಯ ಫೋಟೋ ಹುಡುಕಿ ಯಾವ ವರ್ಷ ಯಾವ ಬಣ್ಣ ಎಂದು ಓದಿ ಹೇಳುತ್ತಿದ್ದೆ, ನಾನು ಬರೆಯುತ್ತಿದ್ದೆ. ಸುಳ್ಳೇಕೆ ಹೇಳಲಿ, ನನ್ನ ಬದುಕಿನ ಒಳ್ಳೆಯ ಹೊತ್ತು ಅದೇ.

ನಮ್ಮ ವಿಭಾಗದ ಮೇಲ್ವಿಚಾರಕರು ಒಂದು ಭಾನುವಾರ ನನ್ನನ್ನು ಮದುವೆಗೆ ಕೇಳಲು ಬಂದಿದ್ದರು. ನೀನು ಬಾಗಿಲಲ್ಲೇ ನಿಂತು, "ಅವಳಿಗೆ ಅದರಲ್ಲೆಲ್ಲ ಆಸಕ್ತಿ ಇಲ್ಲ ಸಾರ್" ಎಂದದ್ದು ಒಳಗೆ ನನಗೆ ಕೇಳಿಸಿತ್ತು. ಕೈಯಲ್ಲಿ ಬ್ರಷ್ ಇತ್ತು. ಅಂಕಿ ಮುಗಿಸಿ ಏಳುವಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು. ಅದರ ಬಗ್ಗೆ ನಾನೇನೂ ಬರೆಯುವುದಿಲ್ಲ.

ಬರೆಯುವುದು ಮ್ಯೂಸಿಯಂ ಬಗ್ಗೆ. ನಮ್ಮ ಎಂಜಿನ್‌ಗಳನ್ನು ಅಲ್ಲಿ ಪ್ರದರ್ಶನಕ್ಕಿಟ್ಟ ಮೊದಲ ದಿನ ನೋಡಿದರೆ, ಗಾಜಿನ ಪೆಟ್ಟಿಗೆಯ ಮೇಲೆ 'ಸಂಗ್ರಹ ಮತ್ತು ಕೈಕೆಲಸ' ಎಂದು ನಿನ್ನೊಬ್ಬನದೇ ಹೆಸರು. ಬೋರ್ಡು ಬರೆದವರಿಗೆ ಗೊತ್ತಿಲ್ಲ, ಪಾಪ ಎಂದುಕೊಂಡೆ. ಅಷ್ಟರಲ್ಲಿ ಪತ್ರಿಕೆಯ ಹುಡುಗಿ, "ಈ ಅಕ್ಷರ ಎಲ್ಲ ಯಾರು ಬರ್ದಿದ್ದು ಸರ್?" ಎಂದು ಕೇಳಿದಳು. ನೀನು ರೆಪ್ಪೆ ಬಡಿಯಲಿಲ್ಲ. "ನಾನೇ ಕಣಮ್ಮ. ತಾಳ್ಮೆ ಬೇಕು, ಅಷ್ಟೆ." ನಾನು ನಿನ್ನ ಕೋಟು ಹಿಡಿದುಕೊಂಡು ಎರಡು ಮಾರು ಆಚೆ ನಿಂತಿದ್ದೆ. ಅವಳು ನನ್ನ ಕಡೆ ತಿರುಗಿದಾಗ, "ನಮ್ಮ ತಂಗಿ. ಭಾನುವಾರ ಬಂದು ಕಾಫಿ ಮಾಡ್ಕೊಡ್ತಾಳೆ" ಎಂದು ಪರಿಚಯ ಮಾಡಿಸಿದೆ. ಅತ್ತಿಗೆ ನೆಲ ನೋಡಿದರು. ನಾನು ನಕ್ಕೆ. ಯಾಕೆ ನಕ್ಕೆನೋ, ಇವತ್ತಿಗೂ ಗೊತ್ತಿಲ್ಲ.

ಮಾತಿನ ಭರದಲ್ಲಿ ಬಾಯಿ ತಪ್ಪಿತು ಎಂದು ಎರಡು ತಿಂಗಳು ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಈ ಕಾಗದದಲ್ಲಿ 'ಯಾರಿಗೂ ಹೇಳಬೇಡ' ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೀಯ. ಬಾಯಿ ತಪ್ಪಬಹುದು ಅಣ್ಣ, ಅಡಿಗೆರೆ ತಪ್ಪಿ ಬೀಳುವುದಿಲ್ಲ.

ನಾನು ಬರುವುದಿಲ್ಲ. ನಿನ್ನ ಪಕ್ಕ ಕೂತು, ನಿನ್ನ ಬೆರಳು ಹಿಡಿದು, ನನ್ನ ಅಕ್ಷರವನ್ನು ನಿನ್ನ ಕೈಯಲ್ಲಿ ತಿದ್ದಿಸುವುದು ನನ್ನಿಂದಾಗದು. ಇನ್ನೊಂದು ಮಾತು ಹೇಳಿರಲಿಲ್ಲ. ಹೋದ ಮಳೆಗಾಲದಿಂದ ನನ್ನ ಬಲಗಣ್ಣು ಪೂರ್ತಿ ಮಂಜು. ಕೊನೆಯ ಒಂಬತ್ತು ಎಂಜಿನ್‌ಗಳನ್ನು ಒಂದೇ ಕಣ್ಣಲ್ಲಿ ಬರೆದೆ. ನಿನಗೆ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ಬರೆದೆನಲ್ಲ, ಅದೊಂದು ಜಂಬ ನನಗೆ ಉಳಿದಿದೆ. ಅದೂ ನಿನಗೆ ಬೇಕಿದ್ದರೆ ಪತ್ರಿಕೆಯವರಿಗೆ ಹೇಳಿಕೋ.

ಇನ್ನು ಭಾನುವಾರ ನನಗಾಗಿ ಕಾಯಬೇಡಿ. ಕಾಫಿಯನ್ನು ಅತ್ತಿಗೆ ನನಗಿಂತ ಚೆನ್ನಾಗಿಯೇ ಮಾಡುತ್ತಾರೆ. ಅವರ ಕೆಮ್ಮಿಗೆ ಬೇರೆ ಡಾಕ್ಟರಿಗೆ ತೋರಿಸು, ತಡಮಾಡಬೇಡ.

ಇಷ್ಟೇ,
ನಿನ್ನ ತಂಗಿ,
ಹಿಂದೆ ಡಯಲ್ ವಿಭಾಗ

ಮರೆತಿದ್ದೆ: ಮ್ಯೂಸಿಯಂನವರಿಗೂ ನಿನ್ನೆ ಒಂದು ಕಾಗದ ಹಾಕಿದೆ. ನಿಜ ಬರೆಯಬೇಕೆಂದೇ ಕೂತೆ, ಮೂರು ಹಾಳೆ ಹರಿದೆ. ಕೊನೆಗೆ ಕಳಿಸಿದ್ದು ಇಷ್ಟು: ಅಣ್ಣ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪೆಟ್ಟಾಗಿದೆ, ಇನ್ನು ಬ್ರಷ್ ಹಿಡಿಯಲೇಬಾರದೆಂದು ಡಾಕ್ಟರು ಹೇಳಿದ್ದಾರೆ. ಮುಂದಿನ ಸಲ ಅಲ್ಲಿಗೆ ಹೋಗುವಾಗ ಕೈಗೊಂದು ಬ್ಯಾಂಡೇಜ್ ಸುತ್ತಿಕೊಂಡು ಹೋಗು. ಅದೊಂದು ಕೆಲಸವನ್ನಾದರೂ ನೀನೇ ಮಾಡಿಕೋ.