ಆ ಕಪ್ಪು ಮಸಿಯಲ್ಲ

ಅಪ್ಪನಿಗೆ,

ನಿಮ್ಮ ವ್ಯಾನಿಗೆಂದು ನಾನು ನಮ್ಮ ಕಾರ್ಖಾನೆಯಿಂದ ಕಳಿಸಿದ್ದ ಹೊಸ ಪಿಸ್ಟನ್ ವಾಪಸ್ ಬಂತು, ಕನ್ನಡಿಯ ಹಾಗೆ ಹೊಳೆಯುತ್ತಾ. "ಮಸಿ ಮೆತ್ತಿದ ಮಾಲು ಕಳ್ಸಿದೀಯಲ್ಲೇ! ಸ್ಯಾಂಡ್ ಪೇಪರ್ ಹಾಕಿ ತಿಕ್ಕಿದೀನಿ, ನಿಮ್ಮ ಕಾರ್ಖಾನೆಯವ್ರಿಗೆ ತೋರ್ಸು" ಎಂದು ಫೋನಿನಲ್ಲಿ ಬೈದಿರಿ.

ಅದು ಮಸಿಯಲ್ಲ ಅಪ್ಪ, ಗ್ರಾಫೈಟ್ ಲೇಪನ. ತಣ್ಣಗಿರುವ ಎಂಜಿನ್ ಶುರುವಾದಾಗ, ಎಣ್ಣೆ ಮೇಲೇರುವ ಮೊದಲು, ಲೋಹಕ್ಕೆ ಲೋಹ ಉಜ್ಜದಂತೆ ಕಾಯುವುದು ಆ ಕಪ್ಪೇ.

ಭಾನುವಾರ ಇನ್ನೊಂದು ಪಿಸ್ಟನ್ ತರುತ್ತೇನೆ. ಅದಕ್ಕೆ ಲೇಪನ ಹಚ್ಚಿದವನೂ ಜೊತೆಗೆ ಬರುತ್ತಾನೆ. ನಾನು ಮದುವೆಯಾಗಲಿರುವ ಹುಡುಗ ಅವನೇ. ಫೋಟೋ ನೋಡಿ "ಬಣ್ಣ ಸ್ವಲ್ಪ ಕಮ್ಮಿ" ಅಂದಿರಂತೆ, ಅಮ್ಮ ಹೇಳಿದಳು.

ನಾವು ಬರುವಷ್ಟರಲ್ಲಿ ಎಂಜಿನ್ ಬಿಚ್ಚಿಡಿ. ಸ್ಯಾಂಡ್ ಪೇಪರನ್ನು ಮಾತ್ರ ಅಟ್ಟಕ್ಕೆ ಎಸೆದುಬಿಡಿ.

ನಿಮ್ಮಷ್ಟೇ ಹಟಮಾರಿ,
ಮಗಳು