ಮೊದಲ ಪಂಕ್ತಿ ಯಾರಿಗೆ

ಶಿವಲೀಲನ ಅಪ್ಪಾರೇ,

ಮದುವೆಯಲ್ಲಿ ಮೊದಲ ಪಂಕ್ತಿ ವೃದ್ಧಾಶ್ರಮದವರಿಗೇ ಅಂತ ಮಗಳಿಗೆ ಮಾತು ಕೊಟ್ಟವರು ನೀವು. ಅದನ್ನು ಬೀಗರಿಗೆ ಹೇಳಲು ಮರೆತವರೂ ನೀವೇ. ಯಾರಿಂದಲೋ ವಿಷಯ ತಿಳಿದು ಬೆಳಿಗ್ಗೆ ಹೊನ್ನೂರಿನಿಂದ ಬೀಗಿತ್ತಿ ಫೋನ್ ಮಾಡಿದ್ದರು. "ಅವ್ರು ಉಂಡೆದ್ಮೇಲೆ ಗಂಡಿನ್ ಕಡೆಯೋರು ಕೂತ್ಕಬೇಕಾ? ಇದ್ಯಾವ ಸೀಮೆ ಮದ್ವೆ ಕಣಮ್ಮ?"

ಸಮಾಧಾನ ಮಾಡಲು ಹೊರಟಿದ್ದೇನೆ, ಎಂದಿನಂತೆ ನಾನೇ. ಎಲ್ಲರೂ ಒಟ್ಟಿಗೇ ಕೂತು ಉಣ್ಣೋಣ ಅಂತ ಕೇಳಿ ನೋಡುತ್ತೇನೆ.

ಸಾರು ಒಲೆ ಮೇಲಿದೆ, ಬಿಸಿ ಮಾಡಿಕೊಂಡು ಉಣ್ಣಿ. ಮಾತ್ರೆ ಮರೆಯಬೇಡಿ. ಅಡುಗೆಯವರು ಬಂದರೆ ಹೋಳಿಗೆ ಜೊತೆಗೆ ಪಾಯಸವನ್ನೂ ಹೇಳಿ, ಆಶ್ರಮದ ಅಜ್ಜಿಯರಿಗೆ ಹಲ್ಲಿಲ್ಲ.

ಹೆಣ್ಣು ಹೆತ್ತವಳು ನಾನು, ನನ್ನದು ಹೇಗೂ ಕೊನೇ ಪಂಕ್ತಿ. ಅದಕ್ಕೆ ಮಾತ್ರ ಯಾರೂ ಜಗಳ ಆಡುವುದಿಲ್ಲ.